ಒಂದೇ ಹಿಟ್ಟು, ಮೂರು ಒಲೆ: ರವೆ ಕೇಕ್ ಎಲ್ಲಿ ಚೆನ್ನಾಗಿ ಬಂತು?

ನಮ್ಮ ಮನೆಯೊಳಗೆ ಮೊಟ್ಟೆ ಬರುವ ಹಾಗಿಲ್ಲ. ಹಾಗಾಗಿ ಕೇಕ್ ಅಂದರೆ ನಮಗೆ ಮೊಸರು, ಸೋಡಾ ಹಾಕಿ ಮಾಡುವ ಚಿರೋಟಿ ರವೆ ಕೇಕೇ. ವರ್ಷಗಟ್ಟಲೆ ಕುಕ್ಕರಿನಲ್ಲೇ ಮಾಡಿದೆ. ಹೋದ ವರ್ಷ ಓಟಿಜಿ (ಬೇಯಿಸೋಕೆ, ಟೋಸ್ಟ್, ಗ್ರಿಲ್ ಮಾಡೋಕೆ ಬರುವ ಚಿಕ್ಕ ಕರೆಂಟಿನ ಓವನ್) ಬಂತು. ಹಾಲು ಬಿಸಿ ಮಾಡೋದಕ್ಕೆ ಬಿಟ್ಟರೆ ಬೇರೇನಕ್ಕೂ ಬಳಸದ ಕನ್ವೆಕ್ಷನ್ ಮೈಕ್ರೋವೇವ್ (ಫ್ಯಾನಿನ ಬಿಸಿಗಾಳಿಯಲ್ಲೂ ಬೇಯಿಸುವಂಥದ್ದು) ಮೊದಲೇ ಮೂಲೆಯಲ್ಲಿತ್ತು. "ಇಷ್ಟು ಚಿಕ್ಕ ಅಡುಗೆಮನೇಲಿ ಮೂರು ಮೂರು ಯಾಕೆ? ಒಂದನ್ನ ಯಾರಿಗಾದ್ರೂ ಕೊಟ್ಬಿಡು" ಅಂದರು ಅತ್ತೆ. ಯಾವುದನ್ನು ಕೊಡೋದು ಅಂತ ತೀರ್ಮಾನಿಸೋದಕ್ಕೇ ಮೂರು ಭಾನುವಾರ ಒಂದೇ ಹಿಟ್ಟನ್ನು ಮೂರು ಕಡೆ ಬೇಯಿಸಿದೆ.

ಅಳತೆ ಹೀಗೆ: ಚಿರೋಟಿ ರವೆ ಒಂದು ಲೋಟ, ಮೈದಾ ಅರ್ಧ, ಸಕ್ಕರೆ ಮುಕ್ಕಾಲು, ಹುಳಿ ಮೊಸರು ಮುಕ್ಕಾಲು, ಹಾಲು ಅರ್ಧ, ಎಣ್ಣೆ ಕಾಲು ಲೋಟಕ್ಕಿಂತ ಸ್ವಲ್ಪ ಜಾಸ್ತಿ, ನಾಲ್ಕು ಏಲಕ್ಕಿ. ಇಷ್ಟನ್ನೂ ಕಲಸಿ ಇಪ್ಪತ್ತು ನಿಮಿಷ ಬಿಡಬೇಕು, ಇಲ್ಲದಿದ್ದರೆ ರವೆ ಹಲ್ಲಿಗೆ ಸಿಗುತ್ತದೆ. ಒಂದು ಚಮಚ ಬೇಕಿಂಗ್ ಪೌಡರ್, ಕಾಲು ಚಮಚ ಸೋಡಾ ಕೊನೇ ಗಳಿಗೆಯಲ್ಲಿ. ಸೋಡಾಕ್ಕೆ ಮೊಸರಿನ ಹುಳಿ ತಾಗಿದ ತಕ್ಷಣ ಗುಳ್ಳೆ ಏಳೋಕೆ ಶುರು. ಆಮೇಲೆ ಫೋನ್ ಎತ್ತಿಕೊಂಡು ಮಾತಾಡುತ್ತಾ ನಿಂತರೆ ಆ ಗುಳ್ಳೆಯೆಲ್ಲ ಪಾತ್ರೆಯಲ್ಲೇ ಒಡೆದು ಕೇಕ್ ಹಲ್ವದ ಹಾಗೆ ಕೂತುಬಿಡುತ್ತದೆ. ಮೂರು ಸಲವೂ ಅದೇ 7 ಇಂಚಿನ ಅಲ್ಯೂಮಿನಿಯಂ ಡಬ್ಬಿ.

ಮೊದಲು ಕುಕ್ಕರ್. ತಳಕ್ಕೆ ಒಂದೂವರೆ ಲೋಟ ಕಲ್ಲುಪ್ಪು, ಅದರ ಮೇಲೆ ಸ್ಟ್ಯಾಂಡ್, ಹತ್ತು ನಿಮಿಷ ಕಾಯಿಸಿ ಡಬ್ಬಿ ಇಳಿಸಿದೆ. ವಿಶಲ್ ತೆಗೆದಿಟ್ಟೆ, ಗ್ಯಾಸ್ಕೆಟ್ ತೆಗೆಯೋದು ಮರೆತೆ. ಕಾಲು ಗಂಟೆಯಲ್ಲಿ ಮನೆಯಿಡೀ ಸೈಕಲ್ ಟ್ಯೂಬ್ ಸುಟ್ಟ ವಾಸನೆ! ಆ ಕೇಕನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಸಂಜೆ ಇನ್ನೊಂದು ಮಾಡಿದೆ. ಸಣ್ಣ ಉರಿಯಲ್ಲಿ ಐವತ್ತು ನಿಮಿಷ. ತೆಂಗಿನ ಕಡ್ಡಿ ಚುಚ್ಚಿ ತೆಗೆದರೆ ಒಣಗೇ ಬಂತು, ಆದರೆ ಮೇಲ್ಭಾಗ ಬೆಳ್ಳಗೆ, ಮುಟ್ಟಿದರೆ ಅಂಟಂಟು. ಅತ್ತೆ ಬಗ್ಗಿ ನೋಡಿ, "ಇದು ಕೇಕಲ್ಲ ಕಣೇ, ಸಿಹಿ ಇಡ್ಲಿ" ಅಂದರು.

ಸುಳ್ಳಲ್ಲ. ಹಿಟ್ಟಿನಿಂದ ಎದ್ದ ಆವಿ ಮುಚ್ಚಳದ ಕೆಳಗೇ ಸುತ್ತಾಡುತ್ತಿರುತ್ತದೆ. ಮೇಲ್ಮೈ ಒದ್ದೆಯಾಗಿರುವಷ್ಟು ಹೊತ್ತೂ ಅದರ ಬಿಸಿ ನೂರು ಡಿಗ್ರಿಯ ಆಚೆ ಈಚೆಯೇ. ಕಂದು ಬಣ್ಣ ಬರೋದಕ್ಕೆ ಅದು ಮೊದಲು ಒಣಗಬೇಕು, ಆಮೇಲೆ 140 ಡಿಗ್ರಿಯನ್ನಾದರೂ ಮುಟ್ಟಬೇಕು. ಇದಕ್ಕೆ ನಾನು ಕಂಡುಕೊಂಡ ದಾರಿ: ತಟ್ಟೆಗೆ ಬೋರಲು ಹಾಕಿ ಹಾಗೇ ಬಡಿಸೋದು. ಉಪ್ಪಿನ ಬಿಸಿಗೆ ತಳ ಚೆನ್ನಾಗಿ ಕೆಂಪಾಗಿರುತ್ತದೆ. ನೋಡಿದವರಿಗೆ ಅದೇ ಮೇಲ್ಭಾಗ ಅನ್ನಿಸುತ್ತದೆ. ಆದರೆ ಅದೇ ಆವಿಯಿಂದ ಒಂದು ಲಾಭವೂ ಇದೆ. ಮೂರನೇ ದಿನವೂ ಈ ಕೇಕ್ ಮೆತ್ತಗೇ ಇತ್ತು. ಉಳಿದೆರಡರಲ್ಲಿ ಹಾಗಾಗಲಿಲ್ಲ.

ನೀರಿಲ್ಲದೆ ಕಾಯಿಸೋದು ಕುಕ್ಕರಿಗೆ ಒಳ್ಳೆಯದಲ್ಲ, ನನ್ನದರ ತಳ ಆಗಲೇ ಉಬ್ಬಿದೆ. ಅನ್ನ ಬೇಳೆಯ ಕುಕ್ಕರನ್ನು ಇದಕ್ಕೆ ಬಳಸಬೇಡಿ. ಕೆಲಸಕ್ಕೆ ಬಾರದ ಹಳೆಯದೊಂದನ್ನು ಕೇಕಿಗೇ ಅಂತ ಇಟ್ಟುಕೊಳ್ಳಿ.

ಓಟಿಜಿಯ ಮೇಲೆ ನನಗೆ ಬಹಳ ಆಸೆಯಿತ್ತು. ಗುಂಡಿ 180ಕ್ಕೆ ತಿರುಗಿಸಿ, ಹತ್ತು ನಿಮಿಷ ಕಾಯಿಸಿ ಡಬ್ಬಿ ಇಟ್ಟೆ. ಇಪ್ಪತ್ತೈದನೇ ನಿಮಿಷಕ್ಕೆ ಮೇಲೆ ಕಾಫಿಪುಡಿ ಬಣ್ಣ, ಕಡ್ಡಿ ಚುಚ್ಚಿದರೆ ಒಳಗೆ ಹಸಿ ಹಿಟ್ಟು. ತಪ್ಪು ಹಿಟ್ಟಿನದಲ್ಲ, ಗುಂಡಿಯದು ಅಂತ ಅನುಮಾನ ಬಂದು ಮರುದಿನ ಒಂದು ಸಕ್ಕರೆ ಪರೀಕ್ಷೆ ಮಾಡಿದೆ. ಫಾಯಿಲ್ ಹಾಳೆಯಲ್ಲಿ ಒಂದು ಚಮಚ ಸಕ್ಕರೆ ಇಟ್ಟು, 180ರಲ್ಲಿ ಹದಿನೈದು ನಿಮಿಷ. ಸಕ್ಕರೆ ಕರಗೋದು ಸುಮಾರು 186 ಡಿಗ್ರಿಗೆ. ಗುಂಡಿ ನಿಜ ಹೇಳುತ್ತಿದ್ದರೆ ಅದು ಹರಳಾಗೇ ಇರಬೇಕಿತ್ತು. ನನ್ನದು ಕರಗಿ, ಚಿಕ್ಕಿಗೆ ತೆಗೆದ ಪಾಕದ ಹಾಗೆ ಹೊಂಬಣ್ಣಕ್ಕೆ ತಿರುಗಿತ್ತು! ಆವತ್ತಿನಿಂದ ಗುಂಡಿ 160ರಲ್ಲಿ, ಡಬ್ಬಿ ಕೆಳಗಿನ ಸಾಲಿನಲ್ಲಿ. ನಲವತ್ತು ನಿಮಿಷಕ್ಕೆ ಬಂದ ಕೇಕ್ ಮಾತ್ರ ಬೇಕರಿಯಿಂದ ತಂದ ಹಾಗಿತ್ತು: ಮೇಲೆ ತೆಳುವಾದ ಕೆಂಪು ಪದರ, ಕತ್ತರಿಸುವಾಗ ಚಾಕುವಿಗೆ ಸಣ್ಣ ಕರಕರ ಸದ್ದು, ಹುರಿದ ರವೆಯ ಘಮ. ಮೊದಲ ದಿನದ ರುಚಿಗೆ ಇದನ್ನು ಮೀರಿಸೋದು ಇಲ್ಲ. ನನ್ನದು 1600 ವಾಟಿನದು. ಬಿಸಿಯೇರಿದ ಮೇಲೆ ಆಗಾಗ ತಾನೇ ಆರಿಹೋಗುವುದರಿಂದ ಕರೆಂಟು ಭಾರೀ ಏನೂ ತಿನ್ನೋದಿಲ್ಲ. ನಡುವೆ ಕರೆಂಟು ಹೋದರೆ ಮಾತ್ರ ಅರ್ಧ ಉಬ್ಬಿದ ಕೇಕ್ ಕುಸಿದು ಗುಳಿ ಬೀಳುತ್ತದೆ. ಕುಕ್ಕರಿಗೆ ಆ ತಲೆನೋವಿಲ್ಲ.

ಮೈಕ್ರೋವೇವ್ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ. ಬರೀ ಮೈಕ್ರೋ ಮೋಡಿಗೆ ಲೋಹದ ಡಬ್ಬಿ ಇಡಬಾರದು, ಅದೊಂದಕ್ಕೆ ಮಾತ್ರ ಗಾಜಿನ ಪಾತ್ರೆ ಬಳಸಿದೆ. ಐದು ನಿಮಿಷಕ್ಕೆ ಉಬ್ಬಿ ನಿಂತಿತು, ಸಂಜೆಗೆ ರಬ್ಬರು. ಕನ್ವೆಕ್ಷನ್ ಮೋಡಿನ 180ರಲ್ಲಿ ಫ್ಯಾನಿನ ಬಿಸಿಗಾಳಿಗೆ ಮೇಲ್ಪದರ ಬೇಗ ಗಟ್ಟಿಯಾಯಿತು. ಒಳಗಿನ ಹಿಟ್ಟು ಆಮೇಲೆ ಉಬ್ಬಿ, ದಾರಿ ಸಿಗದೆ ನಡುವೆ ಬಿರುಕು ಬಿಟ್ಟಿತು. 160ಕ್ಕೆ ಇಳಿಸಿದ ಮೇಲೆ ಬಿರುಕು ಹೋಯಿತು, ಮರುದಿನದ ಒಣಕಲು ಹೋಗಲಿಲ್ಲ. ಚಹಾದಲ್ಲಿ ಅದ್ದಿಕೊಂಡು ಮುಗಿಸಿದೆವು.

ಇಷ್ಟಕ್ಕೇ ಅದನ್ನು ಕೊಟ್ಟುಬಿಡೋಣ ಅಂತಿದ್ದವಳಿಗೆ ಅಡ್ಡ ಬಂದದ್ದು ನಾನ್‌ಖಟಾಯಿ. ಬಿಸ್ಕತ್ತಿಗೆ ಬೇಕಾದದ್ದೇ ಒಣ ಗಾಳಿ. ಓಟಿಜಿಯಲ್ಲಿ ತಟ್ಟೆಯ ಹಿಂದಿನ ಸಾಲು ಯಾವಾಗಲೂ ಹೆಚ್ಚು ಕೆಂಪಾಗುತ್ತದೆ, ನಡುವೆ ಒಮ್ಮೆ ತಟ್ಟೆ ತಿರುಗಿಸಬೇಕು. ಫ್ಯಾನ್ ಇರುವ ಕಡೆ ಅಷ್ಟೂ ಒಂದೇ ಬಣ್ಣಕ್ಕೆ ಬಂದವು. ಕುಕ್ಕರಿನಲ್ಲಿ ಒಂದು ಸಲಕ್ಕೆ ಹಿಡಿಸಿದ್ದು ಐದೇ ಐದು. ಅವುಗಳ ತಳ ಕರಿದಾಗಿ ಮೇಲೆ ಮೆತ್ತಗೇ ಉಳಿಯಿತು.

ಈಗ ವಾರದ ಕೇಕ್ ಕುಕ್ಕರಿನಲ್ಲೇ, ಯಾಕಂದರೆ ನಮ್ಮಲ್ಲಿ ಅದು ಮೂರು ದಿನ ಬಾಳಬೇಕು. ನೆಂಟರು ಬರುವ ದಿನ ಓಟಿಜಿ. ನಾನ್‌ಖಟಾಯಿಯನ್ನು ತಿಂಗಳಿಗೊಮ್ಮೆ ಮಾಡಿದರೆ ಹೆಚ್ಚು, ತಟ್ಟೆ ತಿರುಗಿಸಿಕೊಂಡು ಓಟಿಜಿಯಲ್ಲೇ ಮಾಡಿದರಾಯಿತು, ಮೈಕ್ರೋವೇವನ್ನೇ ಕೊಡೋಣ ಅಂತ ಅತ್ತೆಗೆ ಹೇಳಿದೆ.

"ಅಯ್ಯೋ, ಹಾಲು ಬಿಸಿ ಮಾಡೋದು ಯಾವುದರಲ್ಲಿ?" ಅಂದರು.