ಕೋಸ್ಟ್ ಟು ಕೋಸ್ಟ್ ಎಎಂ: ಸೌಜನ್ಯವಿದೆ, ಪ್ರಶ್ನೆ ಸಾಲದು

ಅಮೆರಿಕದ ಈ ತಡರಾತ್ರಿಯ ರೇಡಿಯೊ ಕಾರ್ಯಕ್ರಮವನ್ನು ಬೆಳೆಸಿದ ಆರ್ಟ್ ಬೆಲ್, ದೆವ್ವ ಕಂಡವರನ್ನೂ ಹಾರುವ ತಟ್ಟೆ ಕಂಡವರನ್ನೂ ಮಧ್ಯೆ ಬಾಯಿ ಹಾಕದೆ ಮಾತನಾಡಲು ಬಿಡುತ್ತಿದ್ದರು. ಕರೆಗಳನ್ನು ಮೊದಲೇ ಸೋಸದೆ ಪ್ರಸಾರ ಮಾಡುತ್ತಿದ್ದುದರಿಂದ ಆ ಹಳೆಯ ಕಂತುಗಳು ಇಂದಿಗೂ ಹಿಡಿದು ಕೂರಿಸುತ್ತವೆ. ಹೆದರಿ ಕರೆ ಮಾಡಿದ ಸಾಮಾನ್ಯನಿಗೆ ಆ ಸೌಜನ್ಯ ಸಲ್ಲಲೇಬೇಕು. ಆದರೆ ತನ್ನ ಅತೀಂದ್ರಿಯ ಶಕ್ತಿಯನ್ನೇ ವೃತ್ತಿ ಮಾಡಿಕೊಂಡ ಅತಿಥಿಗೂ ಅದೇ ಮೃದುತ್ವ ತೋರುವುದು ಕೇಳುಗರಿಗೆ ಮಾಡುವ ಅನ್ಯಾಯ. 1973ರಲ್ಲಿ ಅಂಥ ಅತಿಥಿಯೊಬ್ಬರ ಎದುರು ಟಿವಿ ನಿರೂಪಕ ಜಾನಿ ಕಾರ್ಸನ್ ಧ್ವನಿ ಏರಿಸಲಿಲ್ಲ. ಜಾದೂಗಾರ ಜೇಮ್ಸ್ ರ‍್ಯಾಂಡಿಯ ಸಲಹೆಯಂತೆ ಚಮಚ, ಡಬ್ಬಿಗಳನ್ನು ತಮ್ಮ ಕಡೆಯಿಂದಲೇ ಒದಗಿಸಿ, ಮನಶ್ಶಕ್ತಿಯಿಂದ ಚಮಚ ಬಗ್ಗಿಸುವೆನೆನ್ನುತ್ತಿದ್ದ ಯೂರಿ ಗೆಲ್ಲರ್ ಮುಂದಿಟ್ಟು ತಾಳ್ಮೆಯಿಂದ ಕಾದರು. ಗೆಲ್ಲರ್, ತಮಗಿಂದು ಬಲ ಸಾಲದೆಂದು ಕೈಚೆಲ್ಲಿದರು. ಬೆಲ್ ಕಂತುಗಳಲ್ಲಿ ನಾನು ಹುಡುಕಿದ್ದು ಈ ಪೂರ್ವಸಿದ್ಧತೆಯನ್ನೇ. ಐದಕ್ಕೆ ಮೂರು ಅಂಕ.