ಚಿತ್ರ ಯಾರದ್ದು ಅಂತ ಕೇಳುವ ಡಿಟಿಪಿ ಅಂಗಡಿ

ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಕ್ಯಾಂಪಸ್ ಸುತ್ತಮುತ್ತ ಡಿಟಿಪಿ, ಬೈಂಡಿಂಗ್ ಅಂಗಡಿಗಳಿಗೆ ಬರವಿಲ್ಲ. ಸರಸ್ವತಿಪುರಂನ ಈ ಅಂಗಡಿಯಲ್ಲಿ ರೇಟೇನೂ ಕಮ್ಮಿಯಿಲ್ಲ. ಆದರೂ ಹೋದೆ. ನನ್ನ ಸಂಶೋಧನಾ ಪ್ರಬಂಧದ ತುಂಬ ಚಿತ್ರಗಳು, "ಚಿತ್ರ ಇದ್ರೆ ಅಲ್ಲಿಗೇ ಕೊಡು" ಅಂತ ಸೀನಿಯರ್ ಒಬ್ಬರು ಹೇಳಿದ್ದರು.

ಪೆನ್‌ಡ್ರೈವ್ ಹಾಕುತ್ತಲೇ ಮಾಲೀಕರು, "ಮೇಡಂ, 'ಕೃಪೆ: ಅಂತರ್ಜಾಲ' ಅಂತ ಎಲ್ಲೂ ಹಾಕಿಲ್ಲ ತಾನೆ? ಗೈಡು ವಾಪಸ್ ಕಳಿಸ್ತಾರೆ, ನಮಗೆ ಎರಡೆರಡು ಸಲ ಕೆಲಸ" ಅಂದರು. ಸ್ವಾರ್ಥವೇ ಇರಲಿ, ಇಷ್ಟು ಕೇಳುವವರು ಬೇರೆಲ್ಲಿದ್ದಾರೆ?

ಜಗನ್ಮೋಹನ ಅರಮನೆಯಲ್ಲಿರುವ, ದೀಪ ಹಿಡಿದ ಹೆಂಗಸಿನ ಚಿತ್ರ ಬಂದಾಗ ಟೈಪ್ ಮಾಡುವ ಹುಡುಗ ಕೈ ನಿಲ್ಲಿಸಿದ. "ಅಕ್ಕಾ, ಇದು ರವಿವರ್ಮಂದಲ್ವಾ? ಫೈಲ್ ಹೆಸರಲ್ಲೂ ಹಂಗೇ ಐತೆ." ಅರ್ಧ ಮೈಸೂರು ಹಾಗೇ ನಂಬಿದೆ. ಅದು ಎಸ್.ಎಲ್. ಹಲ್ದಣಕರ್ 1940ರ ದಶಕದಲ್ಲಿ ಬರೆದ ಜಲವರ್ಣ. ರವಿವರ್ಮ 1906ರಲ್ಲೇ ತೀರಿಕೊಂಡವರು. ಕಲಾವಿದರ ಹೆಸರು, ಕೃತಿ, ವರ್ಷ, ಮಾಧ್ಯಮ, ಮೂಲಚಿತ್ರ ಎಲ್ಲಿದೆ ಅನ್ನುವುದು, ಇವಿಷ್ಟನ್ನೂ ಹುಡುಗ ನನ್ನಿಂದ ಕೇಳಿಯೇ ಹಾಕಿದ. ಮುಕ್ತ ಚಿತ್ರಗಳ ಜಾಲತಾಣ ವಿಕಿಮೀಡಿಯ ಕಾಮನ್ಸ್‌ನಿಂದ ಇಳಿಸಿದ್ದಕ್ಕೆ ಫೋಟೋ ತೆಗೆದವರ ಹೆಸರು, ಲೈಸೆನ್ಸ್, ಕೊಂಡಿ ಬೇಕು ಅಂತ ಅವನೇ ನೆನಪಿಸಿದ. ನಾನೇ ತೆಗೆದವಕ್ಕೆ 'ಛಾಯಾಚಿತ್ರ: ಲೇಖಕಿ' ಅಂದರೆ ಮುಗಿಯಿತು.

ನಮ್ಮ ಗೈಡಿಗೆ ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಶೈಲಿಯೇ ಆಗಬೇಕು. ಚಿತ್ರದ ಮೇಲೆ ದಪ್ಪಕ್ಷರದಲ್ಲಿ ಸಂಖ್ಯೆ, ಅದರಡಿ ಇಟಾಲಿಕ್‌ನಲ್ಲಿ ಶೀರ್ಷಿಕೆ, ಚಿತ್ರದ ಕೆಳಗೆ ಆಕರದ ಟಿಪ್ಪಣಿ. ಕನ್ನಡ ಅಕ್ಷರ ಓರೆಯಾದರೆ ಒತ್ತಕ್ಷರಗಳೆಲ್ಲ ಜಾರಿ ಬೀಳುವ ಹಾಗೆ ಕಾಣುತ್ತವೆ. ನೆಟ್ಟಗೇ ಇರಲಿ ಅಂತ ಮಾಲೀಕರು ಸಲಹೆ ಕೊಟ್ಟರು, ಗೈಡೂ ಒಪ್ಪಿದರು.

ತಕರಾರು ಒಂದೇ, ಆದರೆ ಸಣ್ಣದಲ್ಲ. ಚಿತ್ರಸಂಖ್ಯೆಗಳನ್ನು ಕೈಯಲ್ಲೇ ಟೈಪ್ ಮಾಡುತ್ತಾರೆ. ಮೂರನೇ ಅಧ್ಯಾಯದಿಂದ ಒಂದು ಚಿತ್ರ ತೆಗೆಸಿದೆ ನೋಡಿ, ಮುಂದಿನದೆಲ್ಲ ಏರುಪೇರು: 'ಚಿತ್ರ 3.5 ನೋಡಿ' ಅಂದ ಕಡೆ ಬೇರೆಯದೇ ಚಿತ್ರ, ಪ್ರಬಂಧದ ಆರಂಭದಲ್ಲಿರುವ ಚಿತ್ರಸೂಚಿಯಲ್ಲಿ ಪುಟಗಳೂ ತಪ್ಪು. ವರ್ಡ್‌ನಲ್ಲಿ ಚಿತ್ರಕ್ಕೆ ತಾನೇ ಸಂಖ್ಯೆ ಕೊಡುವ 'ಇನ್ಸರ್ಟ್ ಕ್ಯಾಪ್ಷನ್' ಬಳಸಿದ್ದರೆ ಸಂಖ್ಯೆ, ಸೂಚಿ ಎರಡನ್ನೂ ಒಂದೇ ಸಲಕ್ಕೆ ಅಪ್‌ಡೇಟ್ ಮಾಡಬಹುದಿತ್ತು. ತಿದ್ದಿಕೊಟ್ಟರು, ದುಡ್ಡು ಕೇಳಲಿಲ್ಲ, ಆದರೆ ಎರಡು ದಿನ ಹೋಯಿತು.

ಬೈಂಡಿಂಗ್ ಗಟ್ಟಿಯಾಗಿದೆ, ಬಣ್ಣದ ಪುಟಗಳೂ ಚೆನ್ನಾಗಿ ಬಂದಿವೆ. ಕೊಡುವುದಾದರೆ ಕ್ಯಾಪ್ಷನ್ ನೀವೇ ಹಾಕಿದ ವರ್ಡ್ ಫೈಲನ್ನೇ ಕೊಡಿ, ಸಂಖ್ಯೆ ಮುಟ್ಟಬೇಡಿ ಅಂತ ಮೊದಲೇ ಹೇಳಿಬಿಡಿ.