ಬ್ಯಾಚಿನ ಸುದ್ದಿ ಪ್ರತಿನಿಧಿ: ಐದು ವರ್ಷ ದುಡಿದ ಮೇಲೆ ಬರೆದ ವಿಮರ್ಶೆ

ನಾನು ಓದಿದ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಂಘವು ಪ್ರತಿಯೊಂದು ಬ್ಯಾಚಿಗೂ ಒಬ್ಬ ಸುದ್ದಿ ಪ್ರತಿನಿಧಿಯನ್ನು ನೇಮಿಸುತ್ತದೆ. ಸಂಬಳವಿಲ್ಲದ ಈ ಹೊಣೆಯ ಅವಧಿ ಐದು ವರ್ಷ. ಸಹಪಾಠಿಗಳ ಸುದ್ದಿಯನ್ನು ಕಲೆಹಾಕಿ ವರ್ಷಕ್ಕೆ ನಾಲ್ಕು ಬಾರಿ ಸಂಘದ ಪತ್ರಿಕೆಗೆ ಒಂದು ಅಂಕಣದಷ್ಟು ಬರೆದು ಕಳುಹಿಸುವುದು, ಅದನ್ನೇ ತುಸು ಹಿಗ್ಗಿಸಿ ಬ್ಯಾಚಿನ ಎಲ್ಲರಿಗೂ ಇಮೇಲ್‌ನಲ್ಲಿ ಹಂಚುವುದು, ಇಷ್ಟೇ ಕೆಲಸ. ನನ್ನ ಅವಧಿ ಮುಗಿಯುತ್ತ ಬಂದಿದೆ. ಈ ಸೇವೆಯನ್ನು ಓದುಗರು ಹೊರಗಿನಿಂದ ಮೆಚ್ಚುವುದೋ ಮರೆಯುವುದೋ ಇದ್ದದ್ದೇ. ಒಳಗೆ ನಿಂತು ನಡೆಸಿದವರ ಕಣ್ಣಿಗೆ ಅದು ಹೇಗೆ ಕಾಣುತ್ತದೆ ಎಂಬುದನ್ನು ಇದಕ್ಕೆ ಹೆಸರು ಕೊಡಲು ಯೋಚಿಸುತ್ತಿರುವವರಿಗಾಗಿ ಬರೆಯುತ್ತಿದ್ದೇನೆ.

ಪದ್ಧತಿ ಹಳೆಯದು. ಅಮೆರಿಕದ ವಿಲಿಯಮ್ಸ್ ಕಾಲೇಜಿನಲ್ಲಿ 1821ರಲ್ಲಿಯೇ ಹಳೆಯ ವಿದ್ಯಾರ್ಥಿಗಳ ಸಂಘ ಕಟ್ಟಿಕೊಂಡಿದ್ದರು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳ ಪತ್ರಿಕೆ 1900ರಲ್ಲಿ ಆರಂಭವಾಯಿತು. ಅದರಲ್ಲಿ ಆಯಾ ವರ್ಷದ ಪದವೀಧರರ ಸುದ್ದಿಯನ್ನು ಆಯಾ ತರಗತಿಯ ಕಾರ್ಯದರ್ಶಿಗಳೇ ಸ್ವಯಂಸೇವೆಯಿಂದ ಬರೆಯುತ್ತಾರೆ. ಹಾರ್ವರ್ಡ್‌ನಲ್ಲಿ ಐದು ವರ್ಷಕ್ಕೊಮ್ಮೆ ತರಗತಿಯವರು ತಮ್ಮ ಬದುಕಿನ ವರದಿಯನ್ನು ತಾವೇ ಬರೆದು ಒಪ್ಪಿಸುವ, ಕೆಂಪು ರಟ್ಟಿನಿಂದಲೇ ಹೆಸರಾದ ಪುಸ್ತಕವೊಂದು ಹೊರಬರುತ್ತದೆ. ಇಂಥ ಪತ್ರಿಕೆ ಕೈಗೆ ಬಂದಾಗ ಕುಲಪತಿಗಳ ಸಂದೇಶವಿರುವ ಮೊದಲ ಪುಟಗಳನ್ನು ಹಾರಿಸಿ, ಹಿಂದಿನ ಪುಟಗಳಲ್ಲಿ ತಮ್ಮ ವರ್ಷವನ್ನು ಹುಡುಕದ ಓದುಗರು ಇದ್ದರೆ ಅವರನ್ನು ನಾನಂತೂ ಕಂಡಿಲ್ಲ.

ಸಂಘವು ಪ್ರತಿನಿಧಿಗೆ ಕೊಡುವ ಸಾಮಗ್ರಿ ನಾಲ್ಕು ಬಗೆಯದು: ವಿಳಾಸಗಳ ಪಟ್ಟಿ, ಜಾಲತಾಣದಲ್ಲೊಂದು ಸುದ್ದಿ ನಮೂನೆ, ಬರವಣಿಗೆಯ ನಿಯಮಗಳ ಕೈಪಿಡಿ ಮತ್ತು ನೇಮಕದ ಪತ್ರ. ಇವುಗಳಲ್ಲಿ ಕೊನೆಯದು ಒಂದು ಹಾಳೆಯ ಔಪಚಾರಿಕ ಕಾಗದ, ಓದಿ ಮಡಚಿಡುವಂಥದು. ಐದು ವರ್ಷಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ವಿಳಾಸಗಳ ಪಟ್ಟಿಯಿಂದ ಆರಂಭಿಸಬೇಕು, ಏಕೆಂದರೆ ಹೊಸದಾಗಿ ಹೊಣೆ ಹೊತ್ತವರು ಮೊದಲು ಮುಗ್ಗರಿಸುವುದು ಅಲ್ಲಿಯೇ. ನನಗೆ ಸಿಕ್ಕ ಪಟ್ಟಿಯಲ್ಲಿ ಬ್ಯಾಚಿನ 140 ಹೆಸರುಗಳಿದ್ದವು. ಮೊದಲ ಪತ್ರ ಕಳುಹಿಸಿದ ದಿನವೇ ಅವುಗಳಲ್ಲಿ ಮೂರನೇ ಒಂದು ಭಾಗದಷ್ಟು ಇಮೇಲ್‌ಗಳು ತಲುಪದೆ ಮರಳಿದವು. ಓದುವಾಗ ತೆರೆದಿದ್ದ ಖಾತೆಗಳನ್ನು ಬಿಟ್ಟವರು, ಮೊದಲ ಕೆಲಸದ ಕಚೇರಿಯ ವಿಳಾಸವನ್ನೇ ಕೊಟ್ಟು ಆ ಕೆಲಸವನ್ನು ತೊರೆದವರು, ಮದುವೆಯ ನಂತರ ಕುಟುಂಬನಾಮ ಬದಲಾಗಿ ಯಾವ ಹುಡುಕಾಟಕ್ಕೂ ಸಿಗದವರು, ಹೀಗೆ ಕಳೆದುಹೋದವರಲ್ಲಿ ಹಲವು ಬಗೆ. ಪಟ್ಟಿಯಲ್ಲಿ ಯಾವ ವಿಳಾಸವನ್ನು ಯಾವಾಗ ಖಚಿತಪಡಿಸಿಕೊಳ್ಳಲಾಯಿತು ಎಂಬ ದಿನಾಂಕವೇ ಇರಲಿಲ್ಲ. ಹೀಗಾಗಿ ಕಳೆದ ವರ್ಷ ತಿದ್ದಿದ ವಿಳಾಸವೂ ಪದವಿಯ ದಿನ ಬರೆದುಕೊಟ್ಟ ವಿಳಾಸವೂ ಒಂದೇ ಮರ್ಯಾದೆಯಿಂದ ಅಕ್ಕಪಕ್ಕ ಕುಳಿತಿದ್ದವು. ನಾನು ನನ್ನದೇ ಪ್ರತಿಯೊಂದನ್ನು ಗೂಗಲ್ ಶೀಟ್ಸ್‌ನಲ್ಲಿ ಮಾಡಿಕೊಂಡು, ಕೊನೆಯ ಬಾರಿ ಉತ್ತರ ಬಂದ ದಿನಾಂಕಕ್ಕೆ ಒಂದು ಕಾಲಂ, ಓದುವಾಗಿನ ಹೆಸರಿಗೆ ಒಂದು, ಈಗಿನ ಹೆಸರಿಗೆ ಇನ್ನೊಂದು ಎಂದು ಸೇರಿಸಿದೆ. ಸಂಘವು ಈ ಮೂರು ಕಾಲಂಗಳನ್ನು ತಾನೇ ಕೊಟ್ಟಿದ್ದರೆ ನನ್ನ ಮೊದಲ ವರ್ಷದ ಬಹುಪಾಲು ಉಳಿಯುತ್ತಿತ್ತು.

ಸುದ್ದಿ ನಮೂನೆಯ ವಿಷಯದಲ್ಲಿ ನನ್ನ ತೀರ್ಪು ಇನ್ನೂ ಕಟುವಾದದ್ದು. ಹೆಸರು, ಉದ್ಯೋಗ, ಬಡ್ತಿ, ಪ್ರಶಸ್ತಿ, ವಿವಾಹ, ಮಕ್ಕಳು, ಇತರೆ ಎಂಬ ಖಾನೆಗಳನ್ನು ಜೋಡಿಸಿಟ್ಟು, ತುಂಬಿ ಕಳುಹಿಸಿ ಎಂದು ಕೊಂಡಿ ಕೊಟ್ಟರೆ ಸುದ್ದಿ ತಾನಾಗಿ ಹರಿದುಬರುತ್ತದೆ ಎಂಬ ನಂಬಿಕೆಯ ಮೇಲೆ ಅದು ನಿಂತಿದೆ. ಮೊದಲ ಸುತ್ತಿನಲ್ಲಿ ಬಂದ ಉತ್ತರಗಳು ಒಂಬತ್ತು. ಅವುಗಳಲ್ಲಿ ಆರು, ಕಾಲೇಜಿನಲ್ಲಿದ್ದಾಗಲೂ ಎಲ್ಲ ಸಭೆಗಳಲ್ಲಿ ಎದ್ದು ನಿಂತು ಮಾತನಾಡುತ್ತಿದ್ದ ಆರು ಜನರವು. ಖಾನೆಗಳನ್ನು ನೋಡಿದೊಡನೆ ಉಳಿದವರಿಗೆ ತಮ್ಮ ಬಳಿ ಅವುಗಳಲ್ಲಿ ತುಂಬಲು ಏನೂ ಇಲ್ಲವೆನಿಸುತ್ತದೆ. ಬಡ್ತಿಯಿಲ್ಲ, ಪ್ರಶಸ್ತಿಯಿಲ್ಲ, ವಿವಾಹವಾಗಿಲ್ಲ ಅಥವಾ ಮುರಿದುಬಿದ್ದಿದೆ, ಮಕ್ಕಳಿಲ್ಲ, ಉಳಿದದ್ದು ಇತರೆ. ಒಂದು ಬದುಕನ್ನು ಇತರೆ ಎಂಬ ಖಾನೆಯಲ್ಲಿ ಬರೆಯಲು ಯಾರಿಗೂ ಮನಸ್ಸಾಗುವುದಿಲ್ಲ. ನಾನು ಆಮೇಲೆ ಮಾತನಾಡಿಸಿದವರಲ್ಲಿ ಬಹುತೇಕರು ಹೇಳಿದ ಮೊದಲ ವಾಕ್ಯ ಒಂದೇ ಆಗಿತ್ತು: ನನ್ನದೇನಿದೆ ಬರೆಯುವುದಕ್ಕೆ.

ಎರಡನೆಯ ವರ್ಷದಿಂದ ನಮೂನೆಯನ್ನು ಬದಿಗಿಟ್ಟು, ಪ್ರತಿ ಸಂಚಿಕೆಗೆ ಹದಿನೈದು ಹೆಸರುಗಳನ್ನು ಆರಿಸಿಕೊಂಡು ಒಬ್ಬೊಬ್ಬರಿಗೂ ಬೇರೆ ಬೇರೆ ಪತ್ರ ಬರೆಯತೊಡಗಿದೆ. ಪ್ರತಿ ಪತ್ರದಲ್ಲಿಯೂ ಒಂದೇ ಪ್ರಶ್ನೆ, ಅದೂ ಅವರಿಗೆ ಮಾತ್ರ ಕೇಳಬಹುದಾದಂಥದು. ಗ್ರಂಥಾಲಯದ ಮೂಲೆಯಲ್ಲಿ ಕುಳಿತು ನಕಾಶೆ ಬಿಡಿಸುತ್ತಿದ್ದವರಿಗೆ, ಈಗಲೂ ನಕಾಶೆ ಬಿಡಿಸುತ್ತೀರಾ ಎಂದು. ನಾಟಕದಲ್ಲಿ ಮಾತು ಮರೆತು ಇಡೀ ಸಭಾಂಗಣವನ್ನು ನಗಿಸಿದ್ದವರಿಗೆ, ಆ ಮೇಲೆ ರಂಗ ಹತ್ತಿದ್ದುಂಟೇ ಎಂದು. ಹೇಗಿದ್ದೀರಿ ಎಂದು ಕೇಳಿದರೆ ಚೆನ್ನಾಗಿದ್ದೇನೆ ಎಂಬ ಉತ್ತರವಷ್ಟೇ ಬರುತ್ತದೆ, ಅದನ್ನು ಅಚ್ಚಿಸಲು ಬರುವುದಿಲ್ಲ. ಇಂಥ ಪ್ರಶ್ನೆಗೆ ಮಾತ್ರ ಜನ ಕುಳಿತು ಬರೆಯುತ್ತಾರೆ. ಹದಿನೈದರಲ್ಲಿ ಹತ್ತು ಪತ್ರಗಳಿಗಾದರೂ ಉತ್ತರ ಬರುತ್ತಿತ್ತು, ಒಮ್ಮೊಮ್ಮೆ ಮೂರು ಪುಟ. ಶ್ರಮ ಹೆಚ್ಚೆಂಬುದು ನಿಜ. ಸಂಚಿಕೆಯೊಂದಕ್ಕೆ ಎರಡು ಭಾನುವಾರಗಳು ಹೋಗುತ್ತವೆ. ಆದರೆ ಈ ಸೇವೆಯಿಂದ ಬರುವ ಫಲವೆಲ್ಲ ಆ ಎರಡು ಭಾನುವಾರಗಳಿಂದಲೇ ಬರುತ್ತದೆ.

ನೇಮಕದ ಪತ್ರದ ಮಹತ್ವ ಇಲ್ಲಿದೆ. ಇಪ್ಪತ್ತು ವರ್ಷ ಮಾತನಾಡದೆ ಇದ್ದ ಸಹಪಾಠಿಗೆ ಏಕಾಏಕಿ ಪತ್ರ ಬರೆದರೆ, ಓದುವವರ ಮನಸ್ಸಿನಲ್ಲಿ ಮೊದಲು ಏಳುವುದು ಅನುಮಾನ: ಸಾಲ ಕೇಳುತ್ತಾರೋ, ವಿಮೆ ಮಾರುತ್ತಾರೋ, ಮಗನಿಗೆ ಕೆಲಸ ಕೇಳುತ್ತಾರೋ. ಬ್ಯಾಚಿನ ಸುದ್ದಿ ಪ್ರತಿನಿಧಿಯಾಗಿ ಬರೆಯುತ್ತಿದ್ದೇನೆ ಎಂಬ ಒಂದು ಸಾಲು ಆ ಅನುಮಾನವನ್ನು ನಿವಾರಿಸುತ್ತದೆ. ಬರೆಯುವವರ ಸಂಕೋಚವನ್ನೂ ಅದು ಅಷ್ಟೇ ಕಳೆಯುತ್ತದೆ ಎನ್ನುವುದನ್ನು ನಾನು ನಿರೀಕ್ಷಿಸಿರಲಿಲ್ಲ. ಎಂದೋ ಯಾವುದೋ ಸಣ್ಣ ಕಾರಣಕ್ಕೆ ಮಾತು ಬಿಟ್ಟಿದ್ದ ಒಬ್ಬರಿಗೆ ನಾನು ಬರೆದದ್ದು ಈ ನೆಪ ಇದ್ದುದರಿಂದಲೇ. ಅವರು ಉತ್ತರಿಸಿದ್ದೂ ಬಹುಶಃ ಅದೇ ನೆಪದಿಂದ. ಸಂಘವು ತನಗೆ ಅರಿವಿಲ್ಲದೆಯೇ ಕೊಡುತ್ತಿರುವ ಅತ್ಯುತ್ತಮ ಸೌಲಭ್ಯ ಈ ನೆಪ. ಅದಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ.

ಈಗ ಎಲ್ಲರೂ ಕೇಳುವ ಪ್ರಶ್ನೆ: ವಾಟ್ಸ್ಆ್ಯಪ್ ಗ್ರೂಪ್ ಇರುವಾಗ ಪ್ರತಿನಿಧಿ ಏತಕ್ಕೆ? ಒಂದು ಗ್ರೂಪಿನಲ್ಲಿ 1024 ಜನರವರೆಗೂ ಸೇರಬಹುದು, ಯಾವ ಬ್ಯಾಚಿಗೂ ಅದು ಧಾರಾಳ. ತುರ್ತಿನ ಸುದ್ದಿಗೆ, ಯಾರಿಗೋ ನೆರವು ಬೇಕಾದಾಗ, ಪುನರ್ಮಿಲನದ ದಿನ ಗೊತ್ತುಮಾಡುವಾಗ, ಗ್ರೂಪಿನ ವೇಗಕ್ಕೆ ಪತ್ರ ಸಾಟಿಯಲ್ಲ ಎಂದು ಒಪ್ಪಬೇಕು. ಆದರೆ ಅಲ್ಲಿ ಸುದ್ದಿ ನಿಲ್ಲುವುದಿಲ್ಲ. ಬೆಳಗ್ಗೆ ಒಬ್ಬರು ತಮ್ಮ ಪುಸ್ತಕ ಹೊರಬಂದ ಸಂತೋಷವನ್ನು ಹಂಚಿಕೊಂಡರೆ, ಮಧ್ಯಾಹ್ನದೊಳಗೆ ಅದು ನಲವತ್ತು ಹೂಗುಚ್ಛಗಳ ಚಿತ್ರಗಳು, ಎರಡು ಫಾರ್ವರ್ಡ್‌ಗಳು ಮತ್ತು ಒಂದು ರಾಜಕೀಯ ಜಗಳದ ಅಡಿಯಲ್ಲಿ ಹೂತುಹೋಗಿರುತ್ತದೆ. ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಕಟ್ಟುಮಾಡಬಹುದು, ಆಗ ಜಗಳ ನಿಲ್ಲುತ್ತದೆ, ಅದರೊಂದಿಗೆ ಗ್ರೂಪೂ ನಿಶ್ಶಬ್ದವಾಗುತ್ತದೆ. ಇನ್ನು ಲಿಂಕ್ಡ್‌ಇನ್ ಉದ್ಯೋಗದ ಸುದ್ದಿಯನ್ನು ಪ್ರತಿನಿಧಿಗಿಂತ ಮೊದಲೇ ತಿಳಿಸುತ್ತದೆ, ಉದ್ಯೋಗದ ಆಚೆಗೆ ಅದರ ಕಣ್ಣು ಹಾಯುವುದಿಲ್ಲ.

ಇಮೇಲ್ ಹಳತಾಯಿತು ಎನ್ನುವವರ ಮಾತನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ. ಅದು ನಿಧಾನವಾಗಿ ಓದಲು ಬರುತ್ತದೆ, ಹುಡುಕಿದರೆ ಸಿಗುತ್ತದೆ, ಉತ್ತರ ನನಗೊಬ್ಬರಿಗೇ ಬರುತ್ತದೆ. ಜಿಮೇಲ್‌ನ ಸಾಮಾನ್ಯ ಖಾತೆಯೊಂದರಿಂದ ದಿನಕ್ಕೆ 500 ಜನರಿಗೆ ಕಳುಹಿಸಬಹುದಾದ್ದರಿಂದ ಒಂದು ಬ್ಯಾಚಿಗೆ ಬೇರೆ ಸೌಕರ್ಯ ಬೇಕಿಲ್ಲ. ಒಂದು ಎಚ್ಚರ ಮಾತ್ರ ಅಗತ್ಯ, ಅದನ್ನು ನಾನು ತಪ್ಪಿ ಕಲಿತೆ. ಎಲ್ಲರ ವಿಳಾಸಗಳನ್ನು ಬಿಸಿಸಿ ಸಾಲಿನಲ್ಲಿ ಹಾಕುವ ಬದಲು ಸಿಸಿ ಸಾಲಿನಲ್ಲಿ ಹಾಕಿ ಕಳುಹಿಸಿದ ಆ ಸಂಜೆ, ನೂರು ಜನರ ವಿಳಾಸಗಳು ನೂರು ಜನರಿಗೂ ಕಂಡವು. ಅಷ್ಟೇ ಆಗಿದ್ದರೆ ಕ್ಷಮೆ ಕೇಳಿ ಮುಗಿಸಬಹುದಿತ್ತು. ಒಬ್ಬ ಸಹಪಾಠಿ ನನಗೆ ಮಾತ್ರವೆಂದುಕೊಂಡು ತಮ್ಮ ಕಾಯಿಲೆಯ ವಿವರವನ್ನು ಎಲ್ಲರಿಗೂ ಹೋಗುವಂತೆ ಉತ್ತರಿಸಿಬಿಟ್ಟರು. ಅವರು ದೊಡ್ಡ ಮನಸ್ಸಿನವರು, ನನ್ನನ್ನು ಬೈಯಲಿಲ್ಲ. ಅಂದಿನಿಂದ ಕಳುಹಿಸುವ ಗುಂಡಿ ಒತ್ತುವ ಮೊದಲು ಎದ್ದು ಒಂದು ಲೋಟ ನೀರು ಕುಡಿದು ಬಂದು ಮತ್ತೊಮ್ಮೆ ನೋಡುವ ಅಭ್ಯಾಸ ಮಾಡಿಕೊಂಡಿದ್ದೇನೆ.

ಕೈಪಿಡಿಯನ್ನು ಮೊದಲು ಓದಿದಾಗ ಅನಗತ್ಯ ಕಟ್ಟುನಿಟ್ಟು ಎನಿಸಿತ್ತು. ಈಗ ಅದರ ಪ್ರತಿ ನಿಯಮದ ಹಿಂದೆಯೂ ಯಾರೋ ಒಬ್ಬ ಹಿಂದಿನ ಪ್ರತಿನಿಧಿಯ ನಿದ್ದೆಗೆಟ್ಟ ರಾತ್ರಿ ಇದೆ ಎಂದು ತಿಳಿಯುತ್ತದೆ. ನಡೆದ ಮದುವೆಯನ್ನು ಪ್ರಕಟಿಸಿ, ನಿಶ್ಚಯವಾದ ಮದುವೆಯನ್ನು ಪ್ರಕಟಿಸಬೇಡಿ; ಹುಟ್ಟಿದ ಮಗುವಿನ ಸುದ್ದಿ ಹಾಕಿ, ಹುಟ್ಟಲಿರುವ ಮಗುವಿನದು ಬೇಡ ಎಂದು ಅದು ಹೇಳುತ್ತದೆ. ಇಂಥ ಅಂಕಣಗಳಿಗೆ ಹಲವು ಕಾಲೇಜುಗಳು ಇದೇ ನಿಯಮವನ್ನು ಇಟ್ಟುಕೊಂಡಿವೆ. ನಾವು ಬರೆದು ಕೊಟ್ಟದ್ದು ಅಚ್ಚಾಗಿ ಓದುಗರ ಕೈ ಸೇರುವಷ್ಟರಲ್ಲಿ ಎರಡು ಮೂರು ತಿಂಗಳು ಕಳೆದಿರುತ್ತವೆ, ಆ ಅವಧಿಯಲ್ಲಿ ಏನು ಬೇಕಾದರೂ ಆಗಬಹುದು. ಸಂಭ್ರಮದ ಸಾಲೊಂದು ಶೋಕದ ಮನೆಯ ಬಾಗಿಲಿಗೆ ಹೋಗಿ ಬೀಳುವುದನ್ನು ತಪ್ಪಿಸಲು ಬೇರೆ ದಾರಿಯಿಲ್ಲ.

ಆದರೆ ಕೈಪಿಡಿಯಲ್ಲಿ ಒಂದು ಮುಖ್ಯ ನಿಯಮ ಕಾಣೆಯಾಗಿದೆ: ಮೂರನೆಯವರಿಂದ ತಿಳಿದ ಸುದ್ದಿಯನ್ನು ಸಂಬಂಧಪಟ್ಟವರಿಗೆ ತೋರಿಸದೆ ಪ್ರಕಟಿಸಬಾರದು ಎಂಬುದು. ಸಹಪಾಠಿಯೊಬ್ಬರು ಹೊಸ ಕೆಲಸಕ್ಕೆ ಸೇರುತ್ತಿದ್ದಾರೆ ಎಂದು ಅವರ ಆಪ್ತ ಗೆಳೆಯರೇ ಹೇಳಿದ್ದನ್ನು ನಾನು ಪತ್ರದಲ್ಲಿ ಹಾಕಿದೆ. ಅವರು ಹಳೆಯ ಕೆಲಸಕ್ಕೆ ಇನ್ನೂ ರಾಜೀನಾಮೆ ಕೊಟ್ಟಿರಲಿಲ್ಲ, ಅವರ ಮೇಲಧಿಕಾರಿಯೂ ನಮ್ಮ ಬ್ಯಾಚಿನವರೇ ಆಗಿದ್ದರು. ಆಮೇಲಿನ ಎರಡು ವಾರಗಳನ್ನು ನೆನೆಯಲು ಇಷ್ಟವಿಲ್ಲ. ಅಂದಿನಿಂದ ಕರಡು ಸಿದ್ಧವಾದೊಡನೆ ಒಬ್ಬೊಬ್ಬರಿಗೂ ಅವರವರ ಸಾಲುಗಳನ್ನಷ್ಟೇ ಕಳುಹಿಸಿ ಒಪ್ಪಿಗೆ ಪಡೆಯುತ್ತೇನೆ. ಮೌನವನ್ನು ಒಪ್ಪಿಗೆ ಎಂದು ಎಣಿಸುವುದಿಲ್ಲ.

ಮರಣದ ಸುದ್ದಿಯ ಬಗ್ಗೆ ಸಂಘದ ವ್ಯವಸ್ಥೆ ಸಮರ್ಪಕವಾಗಿದೆ ಎಂದು ಹೇಳಲೇಬೇಕು. ಕುಟುಂಬದವರೊಬ್ಬರ ಖಚಿತ ಮಾತು ಅಥವಾ ಪತ್ರಿಕೆಯಲ್ಲಿ ಬಂದ ಪ್ರಕಟಣೆ ಸಿಗುವವರೆಗೂ ಅದು ಸುದ್ದಿಯನ್ನು ತಡೆಹಿಡಿಯುತ್ತದೆ, ಖಚಿತವಾದ ದಿನವೇ ಆ ವಿಳಾಸಕ್ಕೆ ದೇಣಿಗೆಯ ಮನವಿಗಳು ಹೋಗದಂತೆ ನಿಲ್ಲಿಸುತ್ತದೆ. ಎರಡನೆಯದು ಸಣ್ಣ ಸಂಗತಿಯಂತೆ ಕಾಣಬಹುದು; ತೀರಿಕೊಂಡವರ ಹೆಸರಿಗೆ ಬಂದ ಹರ್ಷದ ಆಹ್ವಾನವನ್ನು ತೆರೆದ ಮನೆಯವರಿಗೆ ಅದು ಸಣ್ಣದಲ್ಲ. ಅಂಥ ಕುಟುಂಬವೊಂದಕ್ಕೆ ನಾನು ಬ್ಯಾಚಿನವರ ನೆನಪುಗಳನ್ನು ಒಟ್ಟುಗೂಡಿಸಿ ಕಳುಹಿಸಿದ್ದೆ. ತಾಯಿಯ ಕಾಲೇಜಿನ ದಿನಗಳ ಬಗ್ಗೆ ಏನೂ ತಿಳಿದಿರದ ಮಗಳು, ಅವರು ಹಾಡುತ್ತಿದ್ದರೆಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂದು ಬರೆದರು.

ಸೇವೆಯ ದೊಡ್ಡ ಕೊರತೆ ಅದು ಮುಗಿಯುವ ಕಡೆ ಇದೆ. ಅವಧಿ ತೀರಿದ ಪ್ರತಿನಿಧಿಯಿಂದ ಸಂಘವು ಏನನ್ನೂ ಕೇಳಿ ಪಡೆಯುವುದಿಲ್ಲ; ಧನ್ಯವಾದದ ಕಾಗದವೊಂದನ್ನು ಕಳುಹಿಸಿ, ಹೊಸಬರ ಕೈಗೆ ಮತ್ತೆ ಅದೇ ಹಳೆಯ ಪಟ್ಟಿಯನ್ನು ಕೊಡುತ್ತದೆ. ನನಗಿಂತ ಹಿಂದೆ ಇದ್ದವರು ಪತ್ತೆಹಚ್ಚಿದ್ದ ವಿಳಾಸಗಳನ್ನೇ ನಾನು ಮತ್ತೊಮ್ಮೆ ಪತ್ತೆಹಚ್ಚಿದ್ದೇನೆಂದು ಅವರೊಡನೆ ಮಾತನಾಡಿದಾಗ ಗೊತ್ತಾಯಿತು. ಹಾಗೆಂದು ಎಲ್ಲವನ್ನೂ ಹಸ್ತಾಂತರಿಸಲೂ ಬರುವುದಿಲ್ಲ. ವಿಳಾಸ, ಹೆಸರು, ಉತ್ತರ ಬಂದ ದಿನಾಂಕ, ಇಷ್ಟನ್ನು ಅವರವರನ್ನು ಕೇಳಿ ಮುಂದಿನವರಿಗೆ ಕೊಡುತ್ತಿದ್ದೇನೆ. ಅಚ್ಚಿಗಲ್ಲ, ನಿಮಗೆ ಮಾತ್ರ ಎಂದು ಬರೆದ ಪತ್ರಗಳನ್ನು ಅಳಿಸುತ್ತಿದ್ದೇನೆ. ಅವು ಎಣಿಕೆಯಲ್ಲಿ ಅಚ್ಚಾದವುಗಳಿಗಿಂತ ಹೆಚ್ಚಿವೆ.

ಈ ಹೊಣೆಗೆ ಹೆಸರು ಕೊಡಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಹೌದು, ಎರಡು ಭಾನುವಾರಗಳನ್ನು ಬಿಟ್ಟುಕೊಡಲು ಸಿದ್ಧರಿದ್ದರೆ. ನಮ್ಮ ಬ್ಯಾಚಿಗೆ ಮುಂದಿನ ಪ್ರತಿನಿಧಿಯಾಗಿ ಒಪ್ಪಿಕೊಂಡವರು, ಮೊದಲ ಸುತ್ತಿನಲ್ಲಿ ನನ್ನ ನಮೂನೆಗೆ ಉತ್ತರಿಸದೆ ಇದ್ದವರಲ್ಲಿ ಒಬ್ಬರು. ಅವರಿಗೆ ನಾನು ಕೊಟ್ಟಿರುವ ಕಡತದ ಮೊದಲ ಹಾಳೆಯಲ್ಲಿ, ಇನ್ನೂ ಪತ್ತೆಯಾಗದ ಹನ್ನೊಂದು ಸಹಪಾಠಿಗಳ ಹೆಸರುಗಳಿವೆ.